ಹೈವ್‌ನಲ್ಲಿ ಬರೆಯಲು ಹೊರಟವರಿಗೆ: ಖಾತೆ ತೆರೆಯುವುದರಿಂದ ಮೊದಲ ಸಂಭಾವನೆಯವರೆಗೆ

ಹೈವ್‌ಗೆ ಸೇರುವುದು ಹೇಗೆ? ಪಾಸ್‌ವರ್ಡ್ ಕಳೆದುಹೋಗಿದೆ, ಮತ್ತೆ ಸಿಗುತ್ತದೆಯೇ? ಕನ್ನಡದಲ್ಲಿ ಬರೆದರೆ ಯಾರಾದರೂ ಓದುತ್ತಾರೆಯೇ? ಈ ಮೂರು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಎರಡನೆಯದಕ್ಕೆ ಉತ್ತರ ಬರೆಯುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೇಳುವವರ ಕೈಯಿಂದ ಆ ಹೊತ್ತಿಗೆ ಖಾತೆ ಜಾರಿಹೋಗಿರುತ್ತದೆ, ನಾನು ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಅದಕ್ಕಾಗಿಯೇ ಇಲ್ಲಿ ಕೀಗಳ, ಅಂದರೆ ಖಾತೆಯ ಒಳಹೋಗಲು ಬೇಕಾದ ಗುಪ್ತ ಅಕ್ಷರಮಾಲೆಗಳ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಓದಲು ಬೇಸರವೆನಿಸಿದರೂ ಆ ಭಾಗವನ್ನು ದಾಟಿ ಮುಂದೆ ಹೋಗಬೇಡಿ.

ಮೊದಲು ಹೈವ್ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಅದು ಬ್ಲಾಕ್‌ಚೈನ್ ಮೇಲೆ ನಡೆಯುವ ಬರಹದ ಜಾಲ. ಬ್ಲಾಕ್‌ಚೈನ್ ಎಂದರೆ ಒಂದೇ ಲೆಕ್ಕದ ಪುಸ್ತಕವನ್ನು ಹಲವು ಕಡೆ ಹಲವರು ಏಕಕಾಲಕ್ಕೆ ಬರೆದಿಡುವ ವ್ಯವಸ್ಥೆ. ಒಮ್ಮೆ ಬರೆದ ಪುಟವನ್ನು ಹರಿಯಲು ಆಗುವುದಿಲ್ಲ, ಹೊಸ ಪುಟ ಸೇರಿಸಲು ಮಾತ್ರ ಸಾಧ್ಯ. ಹೈವ್‌ನಲ್ಲಿ ಪ್ರತಿ 3 ಸೆಕೆಂಡಿಗೆ ಇಂಥ ಒಂದು ಪುಟ ಸೇರುತ್ತದೆ. ಹಣದ ವರ್ಗಾವಣೆಯಷ್ಟೇ ಅಲ್ಲ, ನಿಮ್ಮ ಬರಹ, ನಿಮ್ಮ ಪ್ರತಿಕ್ರಿಯೆ, ನೀವು ಹಾಕಿದ ಮತ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಓದುಗರು ಬರಹಕ್ಕೆ ಹಾಕುವ ಮತದ ಆಧಾರದ ಮೇಲೆ ಬರೆದವರಿಗೂ ಮತ ಹಾಕಿದವರಿಗೂ ಹೈವ್ ಜಾಲದ ನಾಣ್ಯಗಳ ರೂಪದಲ್ಲಿ ಪಾಲು ಸಿಗುತ್ತದೆ.

ಹಳೆಯ ಮಾರ್ಗದರ್ಶಿಗಳಲ್ಲಿ ಸ್ಟೀಮ್, ಸ್ಟೀಮಿಟ್ ಎಂಬ ಹೆಸರುಗಳು ಸಿಗುತ್ತವೆ. ಸ್ಟೀಮ್ ಹೈವ್‌ಗಿಂತ ಹಿಂದಿನ ಬ್ಲಾಕ್‌ಚೈನ್, ಸ್ಟೀಮಿಟ್ ಅದರ ಮೇಲಿನ ಬರಹದ ತಾಣ. ಅವು 2016ರಲ್ಲಿ ಶುರುವಾದವು. 2020ರ ಆರಂಭದಲ್ಲಿ ಸ್ಟೀಮಿಟ್ ಕಂಪನಿಯ ಒಡೆತನ ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಸ್ಥಾಪಕ ಜಸ್ಟಿನ್ ಸನ್ ಅವರ ಕೈಗೆ ಹೋದಾಗ ಜಾಲದ ಹಿಡಿತ ಯಾರದು ಎಂಬ ಜಗಳವೆದ್ದಿತು. ಬರಹಗಾರರು ಮತ್ತು ತಂತ್ರಜ್ಞರ ದೊಡ್ಡ ಗುಂಪೊಂದು ಅದೇ ವರ್ಷ ಮಾರ್ಚ್ 20ರಂದು ಬೇರೆಯಾಗಿ ಹೈವ್ ಕಟ್ಟಿಕೊಂಡಿತು. ಹೀಗಾಗಿ ಎರಡರ ಪದಗಳೂ ಪದ್ಧತಿಗಳೂ ಬಹುಪಾಲು ಒಂದೇ ರೀತಿ ಕಾಣುತ್ತವೆ. ಆದರೆ ಜಾಲಗಳು ಬೇರೆ ಬೇರೆ. ಇಂದು ಹೊಸದಾಗಿ ಒಂದರಲ್ಲಿ ತೆರೆದ ಖಾತೆ ಇನ್ನೊಂದರಲ್ಲಿ ಇರುವುದಿಲ್ಲ.

ಏನೇನು ಬೇಕು?

ಒಂದು ಇಮೇಲ್ ವಿಳಾಸ, ಒಂದು ಮೊಬೈಲ್, ಸಾಧ್ಯವಾದರೆ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ಒಂದು ನೋಟ್‌ಬುಕ್, ಒಂದು ಪೆನ್ನು. ನೋಟ್‌ಬುಕ್ ಯಾಕೆ ಎಂಬುದು ಎರಡನೆಯ ಹಂತದಲ್ಲಿ ತಿಳಿಯುತ್ತದೆ. ಹಣ ಹೂಡಬೇಕಾಗಿಲ್ಲ. ಹೈವ್‌ಗೆ ಸೇರಿಸುತ್ತೇನೆ, ಇಷ್ಟು ಸಾವಿರ ಕಟ್ಟಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 1: ಹೆಸರು ಆರಿಸಿ, ಖಾತೆ ತೆರೆಯಿರಿ

ಹೈವ್‌ಗೆ ಒಂದೇ ಮುಂಬಾಗಿಲು ಎಂಬುದಿಲ್ಲ. ಪೀಕ್‌ಡಿ, ಇಕೆನ್ಸಿ, ಇನ್‌ಲಿಯೊ ಹೀಗೆ ಹಲವು ತಾಣಗಳಿವೆ. ಎಲ್ಲವೂ ತೋರಿಸುವುದು ಅದೇ ಲೆಕ್ಕದ ಪುಸ್ತಕವನ್ನು. ಇಕೆನ್ಸಿಯಲ್ಲಿ ಪ್ರಕಟಿಸಿದ್ದು ಪೀಕ್‌ಡಿಯಲ್ಲಿಯೂ ಕಾಣುತ್ತದೆ, ಒಂದೇ ಖಾತೆಯಿಂದ ಎರಡರಲ್ಲೂ ಬರೆಯಬಹುದು. ಮೊಬೈಲ್‌ನಲ್ಲೇ ಬರೆಯುವವರಿಗೆ ಇಕೆನ್ಸಿ ಹಗುರವೆನಿಸುತ್ತದೆ. ಕಂಪ್ಯೂಟರ್‌ನಲ್ಲಿ ನಾನು ಪೀಕ್‌ಡಿ ಬಳಸುತ್ತೇನೆ.

ಹೊಸ ಖಾತೆಯೊಂದನ್ನು ದಾಖಲಿಸಲು ಜಾಲಕ್ಕೆ 3 ಹೈವ್ ನಾಣ್ಯ ಶುಲ್ಕ ಸಲ್ಲಬೇಕು, ಇಲ್ಲವೇ ಈಗಾಗಲೇ ಇರುವ ದೊಡ್ಡ ಖಾತೆಯೊಂದು ತನ್ನ ಪಾಲಿನ ಉಚಿತ ಟೋಕನ್ ಖರ್ಚು ಮಾಡಬೇಕು. ತಾಣಗಳು ಹೊಸಬರಿಗೆ ಉಚಿತವಾಗಿ ಖಾತೆ ಕೊಡುವುದು ಈ ಎರಡನೆಯ ದಾರಿಯಿಂದ. ಕೆಲವು ಕಡೆ ಇಮೇಲ್ ಸಾಕು, ಕೆಲವು ಕಡೆ ಮೊಬೈಲ್ ಸಂಖ್ಯೆ ಕೇಳುತ್ತಾರೆ, ಕೆಲವರು ಸಣ್ಣ ಶುಲ್ಕ ಪಡೆಯುತ್ತಾರೆ. ಪರಿಚಯದವರು ಯಾರಾದರೂ ಹೈವ್‌ನಲ್ಲಿದ್ದರೆ ಅವರೂ ತೆರೆದುಕೊಡಬಹುದು.

ಹೆಸರಿನ ಬಗ್ಗೆ ಒಂದು ದಿನ ಯೋಚಿಸಿ. 3ರಿಂದ 16 ಅಕ್ಷರದೊಳಗೆ ಇರಬೇಕು, ಇಂಗ್ಲಿಷ್‌ನ ಸಣ್ಣ ಅಕ್ಷರದಿಂದ ಆರಂಭವಾಗಬೇಕು, ನಡುವೆ ಅಂಕಿ ಅಥವಾ ಅಡ್ಡಗೆರೆ ಬರಬಹುದು. ಕನ್ನಡ ಲಿಪಿಯ ಹೆಸರಿಗೆ ಅವಕಾಶವಿಲ್ಲ. ಒಮ್ಮೆ ಇಟ್ಟ ಹೆಸರನ್ನು ಮುಂದೆಂದೂ ಬದಲಿಸಲಾಗದು, ಖಾತೆಯನ್ನು ಅಳಿಸಲೂ ಆಗದು. ಪೂರ್ತಿ ಹೆಸರು, ಹುಟ್ಟಿದ ವರ್ಷ, ಊರು ಮೂರನ್ನೂ ಹೊಸೆದು ಖಾತೆಯ ಹೆಸರು ಮಾಡಬೇಡಿ. ಇಲ್ಲಿ ಖಾತೆಯ ಹಣದ ಲೆಕ್ಕ ಯಾರು ಬೇಕಾದರೂ ನೋಡಬಹುದಾದ ಸಂಗತಿ.

ಹಂತ 2: ಕೀಗಳನ್ನು ಕಾಪಾಡಿಕೊಳ್ಳಿ

ಖಾತೆ ತೆರೆಯುವಾಗ ಪರದೆಯ ಮೇಲೆ ಉದ್ದನೆಯ ಅಕ್ಷರಮಾಲೆಯೊಂದು ಬರುತ್ತದೆ. ಇದು ಮಾಸ್ಟರ್ ಪಾಸ್‌ವರ್ಡ್. ಇದರಿಂದ ನಾಲ್ಕು ಕೀಗಳು ಹುಟ್ಟುತ್ತವೆ.

ಪೋಸ್ಟಿಂಗ್ ಕೀ ದಿನಬಳಕೆಯದು. ಬರೆಯಲು, ಪ್ರತಿಕ್ರಿಯಿಸಲು, ಮತ ಹಾಕಲು ಇದೊಂದು ಸಾಕು. ಇದು ಮನೆಯ ಗೇಟಿನ ಬೀಗದ ಕೈ ಇದ್ದಂತೆ. ಆಕ್ಟಿವ್ ಕೀ ತಿಜೋರಿಯದು: ಹಣ ಕಳುಹಿಸಲು, ಷೇರಿನಂತೆ ಕೂಡಿಟ್ಟದ್ದನ್ನು ಬಿಡಿಸಿಕೊಳ್ಳಲು ಇದು ಬೇಕು. ಮೆಮೊ ಕೀ ಗುಟ್ಟಿನ ಸಂದೇಶಗಳನ್ನು ಓದಲು, ಇದರ ಬಳಕೆ ಅಪರೂಪ. ಓನರ್ ಕೀ ಎಂದರೆ ಮನೆಯ ಕ್ರಯಪತ್ರ. ಉಳಿದ ಎಲ್ಲ ಕೀಗಳನ್ನೂ ಬದಲಿಸುವ ಅಧಿಕಾರ ಇದಕ್ಕಿದೆ. ಕ್ರಯಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಯಾರೂ ಪೇಟೆ ಸುತ್ತುವುದಿಲ್ಲ. ಓನರ್ ಕೀಯನ್ನೂ ಮಾಸ್ಟರ್ ಪಾಸ್‌ವರ್ಡನ್ನೂ ಹಾಗೆಯೇ ತೆಗೆದಿಡಿ.

ಬ್ಯಾಂಕಿನ ಆ್ಯಪ್‌ನಲ್ಲಿ ಪಾಸ್‌ವರ್ಡ್ ಮರೆತರೆ ಒಟಿಪಿ ಬರುತ್ತದೆ, ಹೊಸದು ಸಿಗುತ್ತದೆ. ಹೈವ್‌ನಲ್ಲಿ ಅಂಥ ಗುಂಡಿ ಇಲ್ಲ. ಒಟಿಪಿ ಕಳುಹಿಸಲು ಅಲ್ಲಿ ಬ್ಯಾಂಕೇ ಇಲ್ಲ. ಕೀ ಇದ್ದವರದು ಖಾತೆ. ನಿಮ್ಮ ಹೆಸರು, ಫೋಟೊ, ಆಧಾರ್ ಯಾವುದನ್ನು ತೋರಿಸಿದರೂ ತೆರೆದುಕೊಡುವವರು ಯಾರೂ ಇಲ್ಲ.

ಈಗ ನೋಟ್‌ಬುಕ್ ತೆಗೆಯಿರಿ. ಮಾಸ್ಟರ್ ಪಾಸ್‌ವರ್ಡನ್ನು ಮೊದಲು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ, ಅಂದರೆ ಪಾಸ್‌ವರ್ಡ್‌ಗಳನ್ನು ಗೂಢಲಿಪಿಯಲ್ಲಿ ಕೂಡಿಡುವ ತಂತ್ರಾಂಶದಲ್ಲಿ ಉಳಿಸಿ. ಬಳಿಕ ಕೈಯಲ್ಲೂ ಬರೆದುಕೊಳ್ಳಿ. ನಾಲ್ಕು ನಾಲ್ಕು ಅಕ್ಷರಗಳ ಗುಂಪು ಮಾಡಿ ಬರೆದರೆ ತಪ್ಪು ಕಡಿಮೆ. ದೊಡ್ಡ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಇಲ್ಲಿ ವ್ಯತ್ಯಾಸವಿದೆ, ಆದ್ದರಿಂದ ದೊಡ್ಡ ಅಕ್ಷರದ ಕೆಳಗೆಲ್ಲ ಒಂದು ಗೆರೆ ಎಳೆಯಿರಿ. ಒಂದು ಅನುಕೂಲವೂ ಇದೆ: ಗೊಂದಲ ತಪ್ಪಿಸಲೆಂದೇ ಕೀಗಳಲ್ಲಿ ಸೊನ್ನೆ, ಇಂಗ್ಲಿಷ್‌ನ ದೊಡ್ಡ ‘ಓ’, ದೊಡ್ಡ ‘ಐ’, ಸಣ್ಣ ‘ಎಲ್’ ಈ ನಾಲ್ಕನ್ನು ಬಳಸುವುದೇ ಇಲ್ಲ. ನೀವು ಬರೆದದ್ದರಲ್ಲಿ ದುಂಡಗಿನ ಸೊನ್ನೆಯಂಥದ್ದು ಕಂಡರೆ ಅಲ್ಲಿ ಏನೋ ತಪ್ಪಿದೆ ಎಂದೇ ಅರ್ಥ. ಮಾಸ್ಟರ್ ಪಾಸ್‌ವರ್ಡ್ ಅಲ್ಲ, ಅದರಿಂದ ಹುಟ್ಟಿದ ಖಾಸಗಿ ಕೀ ಒಂದೊಂದೂ 51 ಅಕ್ಷರ ಉದ್ದವಿದ್ದು 5ರಿಂದ ಆರಂಭವಾಗುತ್ತದೆ. ಕೀಗಳನ್ನೂ ಬರೆದುಕೊಂಡಿದ್ದರೆ ಎಣಿಸಿ ನೋಡಿ.

ನಂತರ ಒಂದು ಪರೀಕ್ಷೆ ಮಾಡಿ. ಲಾಗ್‌ಔಟ್ ಆಗಿ, ಕಾಗದದಲ್ಲಿ ಇರುವುದನ್ನೇ ನೋಡಿ ಟೈಪ್ ಮಾಡಿ ಒಳಗೆ ಹೋಗಲು ಪ್ರಯತ್ನಿಸಿ. ಖಾತೆಯಲ್ಲಿ ಕಾಸಿಲ್ಲದ ಮೊದಲ ದಿನವೇ ಇದನ್ನು ಮಾಡಿಬಿಡಿ. ತಪ್ಪಿದ್ದರೆ ಆಗಲೇ ತಿಳಿಯುತ್ತದೆ. ಕಾಗದವನ್ನು ಮನೆಯ ದಾಖಲೆಪತ್ರಗಳ ಜೊತೆ ಇಡಿ. ಮೊಬೈಲ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳಬೇಡಿ, ಇಮೇಲ್ ಡ್ರಾಫ್ಟ್‌ನಲ್ಲೂ ಇಡಬೇಡಿ.

ಪ್ರತಿ ತಾಣದಲ್ಲೂ ಕೀ ಟೈಪ್ ಮಾಡುವ ಬದಲು ಹೈವ್ ಕೀಚೈನ್ ಬಳಸಿ. ಇದು ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಮೊಬೈಲ್‌ಗೂ ಇದೆ. ಕೀಗಳು ನಿಮ್ಮ ಸಾಧನದಲ್ಲೇ ಉಳಿಯುತ್ತವೆ, ತಾಣಕ್ಕೆ ಹೋಗುವುದು ಸಹಿ ಮಾತ್ರ. ಅದಕ್ಕೆ ಪೋಸ್ಟಿಂಗ್ ಕೀ ಮತ್ತು ಆಕ್ಟಿವ್ ಕೀ ಕೊಡಿ, ಓನರ್ ಕೀ ಬೇಡ.

ಎಚ್ಚರಿಕೆ: ನಿಮ್ಮ ಬರಹಕ್ಕೆ ಬಹುಮಾನ ಬಂದಿದೆ, ಈ ಕೊಂಡಿ ಒತ್ತಿ ಲಾಗಿನ್ ಆಗಿ ಎಂದು ಪ್ರತಿಕ್ರಿಯೆಯಲ್ಲೋ ಸಣ್ಣ ವರ್ಗಾವಣೆಯ ಟಿಪ್ಪಣಿಯಲ್ಲೋ ಬರುವ ಸಂದೇಶಗಳು ಕೀ ಕದಿಯುವ ಬಲೆಗಳು. ಕಳ್ಳ ಒಳಹೊಕ್ಕು ಓನರ್ ಕೀಯನ್ನೇ ಬದಲಿಸಿದರೆ 30 ದಿನಗಳೊಳಗೆ ಹಳೆಯ ಓನರ್ ಕೀಯ ಪುರಾವೆಯೊಂದಿಗೆ ಖಾತೆ ಹಿಂಪಡೆಯುವ ದಾರಿ ಇದೆ. ಅದಕ್ಕೆ ನಿಮ್ಮ ‘ರಿಕವರಿ ಖಾತೆ’ಯ ನೆರವು ಬೇಕು. ಸಾಮಾನ್ಯವಾಗಿ ನಿಮ್ಮ ಖಾತೆಯನ್ನು ತೆರೆದುಕೊಟ್ಟ ಖಾತೆಯೇ ನಿಮ್ಮ ರಿಕವರಿ ಖಾತೆ. ಅದು ಯಾವುದೆಂದು ಇಂದೇ ನೋಡಿ ಬರೆದಿಟ್ಟುಕೊಳ್ಳಿ. ಖಾತೆ ಮರಳಿದರೂ ಹೋದ ಹಣ ಮರಳುವುದಿಲ್ಲ. ಕೀಯನ್ನು ನೀವೇ ಕಳೆದುಕೊಂಡಿದ್ದರೆ ಈ ದಾರಿಯೂ ಇಲ್ಲ.

ಹಂತ 3: ಮೊದಲ ವಾರ ಓದಿ, ಪ್ರತಿಕ್ರಿಯಿಸಿ

ಖಾತೆ ತೆರೆದ ಕೂಡಲೇ ಬರಹ ಹಾಕುವ ಆತುರ ಬೇಡ. ಹೈವ್‌ನಲ್ಲಿ ‘ಸಮುದಾಯ’ಗಳೆಂಬ ಓಣಿಗಳಿವೆ. ಅಡುಗೆಗೆ ಫುಡೀಸ್ ಬೀ ಹೈವ್, ಪ್ರವಾಸಕ್ಕೆ ವರ್ಲ್ಡ್‌ಮ್ಯಾಪಿನ್, ಹಿರಿಯ ವಯಸ್ಸಿನವರಿಗೆ ಸಿಲ್ವರ್ ಬ್ಲಾಗರ್ಸ್, ಹೀಗೆ. ಒಂದೊಂದಕ್ಕೂ ತನ್ನದೇ ನಿಯಮಗಳಿದ್ದು ಮುಖಪುಟದ ಪಕ್ಕದಲ್ಲೇ ಬರೆದಿರುತ್ತವೆ. ಎರಡು ಅಥವಾ ಮೂರು ಸಮುದಾಯ ಆರಿಸಿ, ನಿಯಮ ಓದಿ, ಅಲ್ಲಿನ ಬರಹಗಳನ್ನು ಓದಿ. ‘ಚೆನ್ನಾಗಿದೆ’ ಎಂಬ ಒಂದು ಪದದ ಪ್ರತಿಕ್ರಿಯೆಯನ್ನು ಯಾರೂ ಗಮನಿಸುವುದಿಲ್ಲ. ಬರಹದೊಳಗಿನ ಯಾವುದಾದರೂ ಒಂದು ಸಂಗತಿಯನ್ನು ಹಿಡಿದು ಪ್ರಶ್ನೆ ಕೇಳಿ. ನಾನು ಜೋಳದ ರೊಟ್ಟಿ ತಟ್ಟುವ ಬಗ್ಗೆ ಬರೆದಾಗ ವೆನೆಜುವೆಲಾದ ಓದುಗರೊಬ್ಬರು ತಮ್ಮ ಮನೆಯ ಮೆಕ್ಕೆಜೋಳದ ‘ಅರೇಪಾ’ವನ್ನು ನೆನೆದು, ಹಿಟ್ಟಿಗೆ ಕುದಿಯುವ ನೀರನ್ನೇ ಏಕೆ ಹಾಕುತ್ತೀರಿ ಎಂದು ಕೇಳಿದ್ದರು. ಇಂದಿಗೂ ಅವರು ನನ್ನ ಬರಹ ಓದುತ್ತಾರೆ. ಹೈವ್‌ನಲ್ಲಿ ಓದುಗರು ಸಿಗುವುದು ಹೀಗೆ, ಒಬ್ಬೊಬ್ಬರಾಗಿ.

ಈ ವಾರದಲ್ಲಿ ‘ರಿಸೋರ್ಸ್ ಕ್ರೆಡಿಟ್ ಸಾಲದು’ ಎಂಬ ಕೆಂಪು ಸೂಚನೆ ಬಂದರೆ ಗಾಬರಿಯಾಗಬೇಡಿ. ಹೈವ್‌ನಲ್ಲಿ ಬರೆಯಲು, ಹಣ ಕಳುಹಿಸಲು ಶುಲ್ಕವಿಲ್ಲ. ಬದಲಿಗೆ ಪ್ರತಿ ಕೆಲಸಕ್ಕೂ ಸ್ವಲ್ಪ ಕ್ರೆಡಿಟ್ ಖರ್ಚಾಗುತ್ತದೆ, ಮೊಬೈಲ್‌ನ ಡೇಟಾ ಪ್ಯಾಕ್ ಇದ್ದಂತೆ. ಅದು ದಿನಕ್ಕೆ 20 ಪ್ರತಿಶತದಂತೆ ತಾನಾಗಿ ತುಂಬುತ್ತದೆ, ಪೂರ್ತಿ ಬರಿದಾದರೆ 5 ದಿನದಲ್ಲಿ ಭರ್ತಿ. ಹೊಸ ಖಾತೆಯ ಪ್ಯಾಕ್ ಚಿಕ್ಕದು, ಅಷ್ಟೇ.

ಹಂತ 4: ಪರಿಚಯದ ಬರಹ

ಹೊಸಬರ ಮೊದಲ ಬರಹ ‘ಇಂಟ್ರೊಡ್ಯೂಸ್‌ಯುವರ್‌ಸೆಲ್ಫ್’ ಎಂಬ ಟ್ಯಾಗ್‌ನಡಿ ಬರುವ ಸ್ವಪರಿಚಯವಾಗಿರುವುದು ಅಲ್ಲಿನ ವಾಡಿಕೆ. ಹೊಸಬರನ್ನು ಹುಡುಕಿ ಓದುವವರು ಈ ಟ್ಯಾಗನ್ನೇ ನೋಡುತ್ತಿರುತ್ತಾರೆ. ನೀವು ಯಾರು, ಏನು ಬರೆಯಲಿದ್ದೀರಿ, ಹೈವ್ ಬಗ್ಗೆ ಹೇಗೆ ತಿಳಿಯಿತು ಎಂಬುದನ್ನು ನಾಲ್ಕೈದು ಪ್ಯಾರಾಗಳಲ್ಲಿ ಹೇಳಿ. ಖಾತೆಯ ಹೆಸರು ಬರೆದ ಚೀಟಿಯನ್ನು ಹಿಡಿದ ನಿಮ್ಮ ಕೈಯ ಫೋಟೊ ಇದ್ದರೆ ಬರೆದವರು ನಿಜವಾದ ವ್ಯಕ್ತಿ ಎಂಬ ನಂಬಿಕೆ ಹುಟ್ಟುತ್ತದೆ. ಮುಖ ತೋರಿಸಲೇಬೇಕೆಂದಿಲ್ಲ.

ಹೇಳಬಾರದ್ದನ್ನು ಹೇಳಬೇಡಿ. ಬರಹವನ್ನು ತಿದ್ದಬಹುದು, ಪರದೆಯಿಂದ ಮರೆಮಾಡಬಹುದು, ಆದರೆ ಹಳೆಯ ಪ್ರತಿ ಲೆಕ್ಕದ ಪುಸ್ತಕದಲ್ಲಿ ಹಾಗೆಯೇ ಉಳಿಯುತ್ತದೆ. ಬ್ಲಾಕ್ ಎಕ್ಸ್‌ಪ್ಲೋರರ್, ಅಂದರೆ ಆ ಪುಸ್ತಕವನ್ನು ಪುಟಪುಟವಾಗಿ ತೋರಿಸುವ ತಾಣವೊಂದನ್ನು ತೆರೆದು ನಿಮ್ಮ ಖಾತೆಯ ಹೆಸರು ಹಾಕಿ ನೋಡಿ. ನೀವು ಮೊದಲು ಬರೆದ ಸಾಲು, ತಿದ್ದಿದ ಸಮಯ, ಹಾಕಿದ ಮತ ಎಲ್ಲ ಸಾಲಾಗಿ ನಿಂತಿರುತ್ತವೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮನೆಯ ವಿಳಾಸವನ್ನಾಗಲಿ ಮಕ್ಕಳ ಶಾಲೆಯ ಹೆಸರನ್ನಾಗಲಿ ಬರೆಯುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ಹಂತ 5: ಕನ್ನಡದಲ್ಲಿ ಪ್ರಕಟಿಸುವಾಗ

ಕನ್ನಡಕ್ಕೆ ಯಾವ ತಡೆಯೂ ಇಲ್ಲ, ಆದರೆ ಮೂರು ತೊಡಕುಗಳಿವೆ.

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೆಯೇ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಯುನಿಕೋಡ್‌ಗೆ, ಅಂದರೆ ಎಲ್ಲ ಸಾಧನಗಳಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತಕ್ಕೆ ಪರಿವರ್ತಿಸಿಕೊಂಡೇ ಹಾಕಿ, ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಕಣ್ಣಿಟ್ಟು ನೋಡಿ.

ಎರಡನೆಯದು ಶೀರ್ಷಿಕೆಯ ಉದ್ದ. ಹೈವ್‌ನಲ್ಲಿ ಶೀರ್ಷಿಕೆ 256 ಬೈಟ್‌ನೊಳಗೆ ಇರಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷಾ’ ಎಂಬ ಒಂದೇ ಅಕ್ಷರದಲ್ಲಿ ಕ, ಅರ್ಧಾಕ್ಷರದ ಗುರುತು, ಷ, ದೀರ್ಘದ ಗುರುತು ಎಂದು ನಾಲ್ಕು ಸಂಕೇತಗಳಿವೆ, ಅಂದರೆ 12 ಬೈಟ್. ಇಂಗ್ಲಿಷ್‌ನಲ್ಲಿ ಆರಾಮವಾಗಿ ಕೂರುವ ಉದ್ದದ ಶೀರ್ಷಿಕೆ ಕನ್ನಡದಲ್ಲಿ ದೋಷ ತೋರಿಸಿ ನಿಲ್ಲುವುದು ಇದರಿಂದಲೇ. ಏಳೆಂಟು ಪದದೊಳಗೆ ಮುಗಿಸಿ.

ಮೂರನೆಯದು ಓದುಗರ ಸಂಖ್ಯೆ. ಹೈವ್‌ನಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಬಳಗಗಳು ದೊಡ್ಡವು, ಕನ್ನಡದ್ದು ಚಿಕ್ಕದು. ಸ್ಪ್ಯಾನಿಷ್ ಬರಹಗಾರರು ಬಹಳ ಮಂದಿ ಒಂದೇ ಬರಹದಲ್ಲಿ ಎರಡೂ ಭಾಷೆ ಇಡುತ್ತಾರೆ. ನನಗೆ ಆ ಪದ್ಧತಿ ಸರಿಯೆನಿಸಿದೆ: ಮೇಲೆ ಪೂರ್ತಿ ಕನ್ನಡ, ಕೆಳಗೆ ಅದರ ಇಂಗ್ಲಿಷ್ ಸಾರ. ಕನ್ನಡವನ್ನು ಕೆಳಗೆ ತಳ್ಳಬೇಡಿ. ಯಂತ್ರದಿಂದ ಅನುವಾದಿಸಿದ್ದರೆ ಹಾಗೆಂದು ಬರೆಯಿರಿ, ಹಲವು ಸಮುದಾಯಗಳು ಇದನ್ನು ಕಡ್ಡಾಯ ಮಾಡಿವೆ.

ಕದ್ದ ಬರಹ, ಅಂತರ್ಜಾಲದಿಂದ ಎತ್ತಿದ ಫೋಟೊ, ಯಂತ್ರ ಬರೆದದ್ದನ್ನು ತನ್ನದೆಂದು ಹಾಕುವುದು, ಒಂದೇ ಬರಹವನ್ನು ನಾಲ್ಕು ಕಡೆ ಹಾಕುವುದು: ಇವನ್ನು ಹುಡುಕಿ ಹಿಡಿಯುವವರು ಹೈವ್‌ನಲ್ಲಿದ್ದಾರೆ. ಸಿಕ್ಕಿಬಿದ್ದರೆ ‘ಡೌನ್‌ವೋಟ್’, ಅಂದರೆ ವಿರೋಧ ಮತ ಬೀಳುತ್ತದೆ. ಅದರಿಂದ ಬರಬೇಕಿದ್ದ ಹಣ ಇಳಿಯುತ್ತದೆ, ಹೆಸರಿನ ಪಕ್ಕದ ‘ರೆಪ್ಯುಟೇಶನ್’ ಅಂಕವೂ ಇಳಿಯಬಹುದು. ಎಲ್ಲರ ಅಂಕವೂ 25ರಿಂದ ಆರಂಭವಾಗುತ್ತದೆ. ಅದಕ್ಕಿಂತ ಕೆಳಗೆ ಬಿದ್ದವರನ್ನು ಹೊಸ ಓದುಗರು ನಂಬುವುದು ಕಷ್ಟ. ನಿಮ್ಮದೇ ಮೊಬೈಲ್‌ನಲ್ಲಿ ತೆಗೆದ ಸಾಧಾರಣ ಫೋಟೊ ಎಲ್ಲಿಂದಲೋ ತಂದ ಚೆಂದದ ಫೋಟೊಗಿಂತ ಇಲ್ಲಿ ಹೆಚ್ಚು ಬಾಳುತ್ತದೆ.

ಹಂತ 6: ಮತ ಮತ್ತು ಸಂಭಾವನೆಯ ಲೆಕ್ಕ

ಮೊದಲು ಮೂರು ಹೆಸರುಗಳು. ‘ಹೈವ್’ ಕೈಗೆ ಸಿಗುವ ನಾಣ್ಯ, ಯಾವಾಗ ಬೇಕಾದರೂ ಕಳುಹಿಸಬಹುದು. ‘ಎಚ್‌ಪಿ’ ಅಥವಾ ಹೈವ್ ಪವರ್ ಎಂದರೆ ಗಂಟು ಕಟ್ಟಿಟ್ಟ ಹೈವ್, ಇದು ಎಷ್ಟಿದೆಯೋ ಅಷ್ಟು ನಿಮ್ಮ ಮತಕ್ಕೆ ತೂಕ. ‘ಎಚ್‌ಬಿಡಿ’ ಅಮೆರಿಕದ ಒಂದು ಡಾಲರ್‌ನ ಆಸುಪಾಸಿನಲ್ಲಿ ಬೆಲೆ ನಿಲ್ಲುವಂತೆ ರೂಪಿಸಿದ ನಾಣ್ಯ.

ಬರಹ ಪ್ರಕಟವಾಗಿ 7 ದಿನಕ್ಕೆ ಸಂಭಾವನೆ ಇತ್ಯರ್ಥವಾಗುತ್ತದೆ. ಅದುವರೆಗೆ ಕೆಳಗೆ ಕಾಣುವ ಡಾಲರ್ ಮೊತ್ತ ಅಂದಾಜು ಮಾತ್ರ, ಏರುತ್ತದೆ, ಇಳಿಯುತ್ತದೆ. ಬರಹದ ಕೆಳಗೆ 4 ಡಾಲರ್ ಎಂದು ಇತ್ತು ಎಂದುಕೊಳ್ಳಿ. ಅದರಲ್ಲಿ ಅರ್ಧ, ಅಂದರೆ 2 ಡಾಲರ್, ಮತ ಹಾಕಿದವರಿಗೆ. ಉಳಿದ 2 ಡಾಲರ್ ನಿಮಗೆ. ನೀವು ಬೇರೆ ಆಯ್ಕೆ ಮಾಡದಿದ್ದರೆ ಅದರಲ್ಲೂ ಸುಮಾರು ಅರ್ಧ ಎಚ್‌ಬಿಡಿ ಆಗಿ, ಅರ್ಧ ಎಚ್‌ಪಿ ಆಗಿ ಬರುತ್ತದೆ. ನಾಲ್ಕು ಡಾಲರ್ ಕಂಡು ಒಂದು ಡಾಲರ್ ಮಾತ್ರ ಕೈಗೆ ಬಂತು, ಮೋಸವಾಯಿತು ಎಂದು ದೂರುವವರು ಈ ಲೆಕ್ಕ ನೋಡಿರುವುದಿಲ್ಲ. ಒಟ್ಟು ಮೊತ್ತ 2 ಸೆಂಟ್‌ಗಿಂತ ಕಡಿಮೆಯಿದ್ದರೆ ಏನೂ ಸಿಗುವುದಿಲ್ಲ. ಹೊಸಬರ ಬಹಳಷ್ಟು ಬರಹಗಳು ಆ ಗೆರೆಯ ಕೆಳಗೇ ನಿಲ್ಲುತ್ತವೆ, ಅದರಿಂದ ಎದೆಗುಂದಬೇಡಿ.

ನಿಮ್ಮ ಒಂದು ಪೂರ್ಣ ಮತ ನಿಮ್ಮ ಮತಶಕ್ತಿಯ 2 ಪ್ರತಿಶತ ಖರ್ಚು ಮಾಡುತ್ತದೆ, ದಿನಕ್ಕೆ 20 ಪ್ರತಿಶತ ಮರಳಿ ತುಂಬುತ್ತದೆ. ಅಂದರೆ ದಿನಕ್ಕೆ 10 ಪೂರ್ಣ ಮತ. ಬರಹ ಪ್ರಕಟವಾದ ಮೊದಲ 24 ಗಂಟೆಯೊಳಗೆ ಹಾಕಿದ ಮತಗಳಿಗೆಲ್ಲ ಸಮಾನ ಬೆಲೆ, ಆದ್ದರಿಂದ ಓದಿ ಮುಗಿಸಿಯೇ ಮತ ಹಾಕಲು ಬೇಕಾದಷ್ಟು ಸಮಯವಿದೆ. ನೀನು ನನಗೆ ಹಾಕು, ನಾನು ನಿನಗೆ ಹಾಕುತ್ತೇನೆ ಎಂಬ ಒಪ್ಪಂದಗಳಿಗೆ ಸೇರಬೇಡಿ. ಅವು ಎಲ್ಲರ ಕಣ್ಣಿಗೂ ಬೀಳುವಂತೆ ಪುಸ್ತಕದಲ್ಲಿ ದಾಖಲಾಗುತ್ತವೆ.

ಹಂತ 7: ಹಣ ತೆಗೆಯುವ ಮುನ್ನ

ಮೊದಲ ಕೆಲವು ತಿಂಗಳ ಗಳಿಕೆಯನ್ನು ಎಚ್‌ಪಿ ಆಗಿಯೇ ಬಿಡುವುದು ನನ್ನ ಸಲಹೆ. ಮತಕ್ಕೆ ತೂಕ ಬರುತ್ತದೆ, ಕ್ರೆಡಿಟ್ ಪ್ಯಾಕ್ ದೊಡ್ಡದಾಗುತ್ತದೆ. ಆದರೆ ನೆನಪಿಡಿ, ಎಚ್‌ಪಿಯನ್ನು ಬಿಡಿಸಿಕೊಳ್ಳುವ ‘ಪವರ್ ಡೌನ್’ 13 ವಾರಗಳ ಕಂತಿನಲ್ಲಿ ನಡೆಯುತ್ತದೆ. ಆಸ್ಪತ್ರೆಗೋ ಶಾಲೆಯ ಶುಲ್ಕಕ್ಕೋ ಬೇಕಾಗಬಹುದಾದ ಹಣವನ್ನು ಇದರಲ್ಲಿ ಸಿಕ್ಕಿಸಬೇಡಿ. ನಾಣ್ಯದ ಬೆಲೆ ಆ 13 ವಾರದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಕೂಡಿಟ್ಟ ಎಚ್‌ಬಿಡಿಯನ್ನು ‘ಸೇವಿಂಗ್ಸ್’ನಲ್ಲಿಟ್ಟರೆ ತೆಗೆಯಲು 3 ದಿನ ಕಾಯಬೇಕು. ಕಳ್ಳ ಆಕ್ಟಿವ್ ಕೀ ಕದ್ದರೂ ಆ ಮೂರು ದಿನದಲ್ಲಿ ನಿಮಗೆ ತಿಳಿದು ತಡೆಯಲು ಅವಕಾಶವಿರುತ್ತದೆ.

ರೂಪಾಯಿ ಮಾಡಿಕೊಳ್ಳಲು ನಾಣ್ಯವನ್ನು ಕ್ರಿಪ್ಟೊ ವಿನಿಮಯ ಕೇಂದ್ರಕ್ಕೆ ಕಳುಹಿಸಬೇಕಾಗುತ್ತದೆ. ಭಾರತದಲ್ಲಿ ಇಂಥ ಕೇಂದ್ರಗಳು ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿರಬೇಕೆಂಬ ನಿಯಮ 2023ರಿಂದ ಇದೆ. ನೋಂದಣಿ ಇರುವ ಕೇಂದ್ರವನ್ನೇ ಆರಿಸಿ. ಹಣ ಕಳುಹಿಸುವ ಪುಟದಲ್ಲಿ ‘ಮೆಮೊ’ ಎಂಬ ಚೌಕವಿದೆ, ಹೊಸಬರು ಹೆಚ್ಚು ಎಡವುವುದು ಅಲ್ಲಿಯೇ. ಕೇಂದ್ರ ಕೊಟ್ಟ ಸಂಖ್ಯೆಯನ್ನು ಆ ಚೌಕದಲ್ಲಿ ಬರೆಯದಿದ್ದರೆ ನಿಮ್ಮ ನಾಣ್ಯ ಯಾರದೆಂದು ಕೇಂದ್ರಕ್ಕೆ ತಿಳಿಯುವುದಿಲ್ಲ. ಇನ್ನು ಕೆಲವರು ನಕಲು ಮಾಡಿಟ್ಟುಕೊಂಡಿದ್ದ ಖಾಸಗಿ ಕೀಯನ್ನೇ ಕೈತಪ್ಪಿ ಅಲ್ಲಿ ಅಂಟಿಸಿಬಿಡುತ್ತಾರೆ. ಮೆಮೊ ಎಲ್ಲರಿಗೂ ಕಾಣುವ ಬರಹ. ಹಾಗಾದರೆ ಒಂದು ಕ್ಷಣವೂ ತಡಮಾಡದೆ ಮಾಸ್ಟರ್ ಪಾಸ್‌ವರ್ಡ್ ಬದಲಿಸಿ, ಅದರಿಂದ ನಾಲ್ಕು ಕೀಗಳೂ ಬದಲಾಗುತ್ತವೆ.

ಭಾರತದಲ್ಲಿರುವವರಿಗೆ ತೆರಿಗೆಯ ಮಾತು. ಕ್ರಿಪ್ಟೊ ಮಾರಾಟದ ಲಾಭಕ್ಕೆ 2022ರ ಏಪ್ರಿಲ್ 1ರಿಂದ 30 ಪ್ರತಿಶತ ತೆರಿಗೆ ಜಾರಿಯಲ್ಲಿದೆ, ಅದರ ಮೇಲೆ ಸೆಸ್ ಬೇರೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷ ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ 1 ಪ್ರತಿಶತ ಟಿಡಿಎಸ್ ಬಂದಿದೆ. ಬರಹಕ್ಕೆ ಸಿಕ್ಕ ನಾಣ್ಯ ಕೊಂಡದ್ದಲ್ಲ, ದುಡಿದದ್ದು. ಆದ್ದರಿಂದ ಅದು ಖಾತೆಗೆ ಬಂದ ದಿನಾಂಕ, ಎಷ್ಟು ಬಂತು, ಅಂದಿನ ರೂಪಾಯಿ ಬೆಲೆ ಎಷ್ಟು ಎಂಬ ಮೂರನ್ನು ಪ್ರತಿ ವಾರ ಬರೆದಿಟ್ಟುಕೊಳ್ಳಿ, ರಿಟರ್ನ್ಸ್ ಸಲ್ಲಿಸುವ ಮುನ್ನ ಲೆಕ್ಕಪರಿಶೋಧಕರಿಗೆ ತೋರಿಸಿ. ಅದೇ ನೋಟ್‌ಬುಕ್ ಸಾಕು. ಕೀ ಬರೆದ ಹಾಳೆಯನ್ನು ಮಾತ್ರ ಮೊದಲೇ ಬೇರ್ಪಡಿಸಿ ಒಳಗಿಡಿ.